ಗಡಾಯಿಕಲ್ಲಿನ ಗೇಟಿನಲ್ಲಿ ನಾಯಿ ಹಿಡಿದು ನಿಲ್ಲುವ ಸ್ಥಾನದ ಬಗ್ಗೆ

ಇಂದ:
ತೀರ್ಥರಾಮ ಎಂ.,
ನಿವೃತ್ತ ಅರೆಕಾಲಿಕ ವರದಿಗಾರ (ಸೇವೆ: 31 ವರ್ಷ 4 ತಿಂಗಳು),
ಸುಳ್ಯ

ಗೆ:
ಶ್ರೀಮತಿ ಸೇವಂತಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ,
ಕಾರಿನ ಮಾಲಕರು, ಏಕೈಕ ಚಾಲಕರು ಹಾಗೂ ಅರ್ಜಿದಾರನ ಪತ್ನಿ,
ಅದೇ ಮನೆ, ಸುಳ್ಯ

ವಿಷಯ: ದಿನಾಂಕ 9-2-2025ರ ಭಾನುವಾರ ಗಡಾಯಿಕಲ್ಲಿಗೆ ಹೊರಡಲಿರುವ ಕಾರಿನಲ್ಲಿ ನನಗೂ ಒಂದು ಜಾಗ ಕೋರಿ.

ಉಲ್ಲೇಖ:
1. ಪುತ್ತೂರಿನ ವಾರಪತ್ರಿಕೆ, 6-2-2025, ಪುಟ 4, ಎರಡನೇ ಕಾಲಂ.
2. ತಮ್ಮ ಮೌಖಿಕ ಆದೇಶ, ಅಡುಗೆಕೋಣೆ, 7-2-2025, ಸಂಜೆ 6.15.

ಮಾನ್ಯರೇ,

ದಿನಾಂಕ 6-2-2025, ಗುರುವಾರ, ಬೆಳಿಗ್ಗೆ 10.50. ನಾನು ಕಡಬ ಕಡೆಯ ಅರಣ್ಯ ಗೇಟಿನಿಂದ ಹೊರಗೆ ಬಂದೆ. ಕಾರು ಇರಲಿಲ್ಲ. ತಾವು ಇರಲಿಲ್ಲ. ನಾಯಿಗಳೂ ಇರಲಿಲ್ಲ.

ಇದಕ್ಕೆ ಕಾರಣ ನಾನೇ ಎಂದು ತನಿಖೆಯಿಂದ ತಿಳಿದುಬಂದಿದೆ. ತನಿಖೆ ಮಾಡಿದವನೂ ನಾನೇ ಆದ್ದರಿಂದ ವರದಿಯಲ್ಲಿ ಪಕ್ಷಪಾತ ಇಲ್ಲ. ತಾವು ನಮ್ಮ ಮನೆಮಾತಾದ ಅರೆಭಾಷೆಯಲ್ಲಿ ಆಡಿದ ಮಾತುಗಳನ್ನು ಕಡತಕ್ಕಾಗಿ ಕನ್ನಡಕ್ಕೆ ತಂದಿದ್ದೇನೆ. ತರುವಾಗ ಏರುದನಿ ಬಿಟ್ಟುಹೋಗಿದೆ.

1. ತಾವು ಇಪ್ಪತ್ತೊಂಬತ್ತು ವರ್ಷ ಮಕ್ಕಳಿಗೆ ಚರಿತ್ರೆ ಕಲಿಸಿದ್ದೀರಿ. ಪ್ರತಿ ವರ್ಷ ಕರಿಹಲಗೆಯಲ್ಲಿ ಗಡಾಯಿಕಲ್ಲಿನ ಬಂಡೆಯ ಮೇಲಿನ ಕೋಟೆಯನ್ನು ಬರೆದು, ಬಾಗಿಲನ್ನು ಅಂದಾಜಿನ ಮೇಲೆ ಎಡಗಡೆಗೆ ಇಡುತ್ತಿದ್ದಿರಿ. ಒಮ್ಮೆ ಒಬ್ಬಳು ಹುಡುಗಿ ಎದ್ದು ನಿಂತು, “ಟೀಚರ್, ಬಾಗಿಲು ಯಾವ ದಿಕ್ಕಿಗೆ ಉಂಟು?” ಎಂದು ಕೇಳಿದಳು. ತಮಗೆ ಗೊತ್ತಿರಲಿಲ್ಲ. ನಿವೃತ್ತಿಯಾದ ದಿನವೇ ತಾವು ಹೇಳಿದ್ದು: “ಮೊದಲು ಆ ಬಾಗಿಲು ನೋಡುದು. ಮತ್ತೆ ಬಾಕಿ ಎಲ್ಲ.” ಕಾಡಿನೊಳಗೆ ಉಳಿದಿರುವ ಮೂರು ಹಳೆಯ ಜಾಗಗಳಿಗೆ ಮೂರು ದಿನದ ಪ್ರವಾಸವನ್ನು ತಾವೇ ನಿಗದಿ ಮಾಡಿದಿರಿ.

2. ನಮ್ಮ ನಾಯಿಗಳಾದ ಬೊಳ್ಳು ಮತ್ತು ಟೈಗರ್ ಜತೆಗೆ ಬಂದವು. ಬೊಳ್ಳು ತಾವು ಮನೆಯಲ್ಲಿ ಇಲ್ಲದಿದ್ದರೆ ಅನ್ನ ಮುಟ್ಟುವುದಿಲ್ಲ. ಟೈಗರ್ ಬೊಳ್ಳು ಇಲ್ಲದಿದ್ದರೆ ಮುಟ್ಟುವುದಿಲ್ಲ. ನಾನು ಇಲ್ಲದಿದ್ದರೆ ಎರಡೂ ಚೆನ್ನಾಗಿ ಉಣ್ಣುತ್ತವೆ ಎಂದು ತಾವು ಹಲವು ಬಾರಿ ತಿಳಿಸಿದ್ದೀರಿ.

3. ಇಲ್ಲಿ ನನ್ನ ವೃತ್ತಿಯ ಒಂದು ಪದ್ಧತಿಯನ್ನು ಹೇಳಬೇಕಾಗುತ್ತದೆ. ಸುಳ್ಯದಲ್ಲಿ ಸಭೆ ಶುರುವಾಗುವುದು ನಾಲ್ಕಕ್ಕೆ. ಸುದ್ದಿ ಪುತ್ತೂರಿಗೆ ಮುಟ್ಟಬೇಕಾದದ್ದು ಮೂರಕ್ಕೆ. ಆದ್ದರಿಂದ ಆಮಂತ್ರಣ ಪತ್ರ ನೋಡಿ ವರದಿ ಬರೆದು, ಕಳುಹಿಸಿ, ಆಮೇಲೆ ಸಭೆಗೆ ಹೋಗುವುದು. ಹೀಗೆ ಬರದೇ ಇದ್ದ ಎಷ್ಟೋ ಅಧ್ಯಕ್ಷರು ಪೇಪರಿನಲ್ಲಿ ಮಾರ್ಮಿಕವಾಗಿ ಮಾತನಾಡಿದ್ದಾರೆ. 31 ವರ್ಷಗಳಲ್ಲಿ ಇದರಿಂದ ತೊಂದರೆಯಾದದ್ದು ಎರಡೇ ಸಲ. ಒಂದು ಸಲ ಸಭೆಯೇ ನಡೆದಿರಲಿಲ್ಲ. ಎರಡನೆಯದು ಈಗಿನದು.

4. ನಾವು ಹೊರಡುವ ಹಿಂದಿನ ದಿನ ಸಂಪಾದಕ ಹರಿಪ್ರಸಾದ್ ಫೋನ್ ಮಾಡಿ, “ಎಂತ ತೀರ್ಥಣ್ಣ, ಟೂರಂತೆ? ಒಂದು ಐಟಂ ಕೊಡಿ, ಈ ವಾರವೇ ಹಾಕುವ” ಎಂದರು. ಆ ರಾತ್ರಿಯೇ ಕೊಟ್ಟೆ. ಹೋಗಿ ಬಂದು ಕೊಡಬೇಕು ಎಂದು ನನಗೆ ಹೊಳೆಯಲಿಲ್ಲ. ಅಭ್ಯಾಸ.

5. ಮಂಗಳವಾರ, ಬೆಳಿಗ್ಗೆ 7.05, ಗಡಾಯಿಕಲ್ಲು. ಗೇಟಿನಲ್ಲಿದ್ದ ಸಿಬ್ಬಂದಿ ಕಾರಿನೊಳಗೆ ಇಣುಕಿ, “ನಾಯಿ ಬಿಡುದಿಲ್ಲ ಮಾರಾಯ್ರೆ. ರಾಷ್ಟ್ರೀಯ ಉದ್ಯಾನ ಇದು” ಎಂದರು. ಅವರು ಹೇಳಿದ್ದು ಸರಿ.

“ಪಾಪದವು. ಬೊಗಳುದೂ ಇಲ್ಲ,” ಎಂದೆ.

ಬೊಳ್ಳು ಬೊಗಳಿತು.

“ಇದರ ಹೆಸರು ಎಂತ?” ಎಂದು ಅವರು ಇನ್ನೊಂದನ್ನು ತೋರಿಸಿದರು.

“ಟೈಗರ್.”

“ಅದು ಒಳಗೆ ಬೇರೆ ಉಂಟು.”

ಒಬ್ಬರು ನಾಯಿ ಹಿಡಿಯುವುದು, ಒಬ್ಬರು ಹತ್ತಿ ಬರುವುದು ಎಂದು ತೀರ್ಮಾನವಾಯಿತು. “ನಾನು ಬೇಗ ಹೋಗಿ ಬರ್ತೇನೆ, ಮತ್ತೆ ನೀನು ಹೋಗು” ಎಂದವನು ನಾನು. 8.45ಕ್ಕೆ ಬರಬೇಕಿತ್ತು. 11.40ಕ್ಕೆ ಬಂದೆ. ಕಾರಣ, ಮೇಲೆ ಕಾಸರಗೋಡಿನ ಹನ್ನೊಂದು ಮಂದಿ ಸಿಕ್ಕಿದರು. ಅವರ ಹೆಸರು, ಇನಿಶಿಯಲ್, ಊರು, ಹುದ್ದೆ ಬರೆದುಕೊಂಡೆ. ಇಬ್ಬರ ಇನಿಶಿಯಲ್ ಒಂದೇ ಇದ್ದುದರಿಂದ ಎರಡೆರಡು ಬಾರಿ ಕೇಳಬೇಕಾಯಿತು. ನಾನು ಇಳಿಯುವಾಗ ಬಂಡೆ ಕಾದು ಕಾಲಿಡಲು ಆಗುತ್ತಿರಲಿಲ್ಲ. “ಈಗ ಹತ್ತುದು ಬೇಡ ಟೀಚರೇ,” ಎಂದು ಸಿಬ್ಬಂದಿ ತಮಗೆ ಹೇಳಿದರು.

ತಾವು ಹಗ್ಗಗಳನ್ನು ನನ್ನ ಕೈಗೆ ಕೊಟ್ಟು ಒಂದೇ ಪ್ರಶ್ನೆ ಕೇಳಿದಿರಿ: “ಬಾಗಿಲು ಯಾವ ದಿಕ್ಕಿಗೆ ಉಂಟು?”

ನಾನು ಪುಸ್ತಕ ತಿರುವಿ ನೋಡಿದೆ. ಹನ್ನೊಂದು ಹೆಸರು ಇದ್ದವು. ಬಾಗಿಲು ಇರಲಿಲ್ಲ.

6. ಬುಧವಾರ ಘಟ್ಟದ ಕಾಡಿನೊಳಗಿನ ಹಳೆಯ ಸುಂಕದ ಕಟ್ಟೆ. ಅಲ್ಲಿಯೂ ನಾಯಿಗೆ ಪ್ರವೇಶ ಇಲ್ಲ, ಅಲ್ಲಿಯೂ ನಾನೇ ಮೊದಲು. ಮಂಗಳವಾರದ್ದು ಮರುಕಳಿಸದಂತೆ ಬೇಗ ಬರುತ್ತೇನೆ ಎಂದು ಮಾತು ಕೊಟ್ಟೇ ಹೋಗಿದ್ದೆ. ಹೆಚ್ಚು ಬರೆಯುವುದಿಲ್ಲ.

7. ಗುರುವಾರದ ಮೂರನೆಯ ಜಾಗ ರಾಷ್ಟ್ರೀಯ ಉದ್ಯಾನವಲ್ಲ, ವನ್ಯಜೀವಿ ಧಾಮ. ನಾಯಿಗಳ ಮಟ್ಟಿಗೆ ವ್ಯತ್ಯಾಸ ಇಲ್ಲ. ಒಳಗೆ ಒಂದು ಹಳೆಯ ಶಾಸನದ ಕಲ್ಲು ಇದೆ. “ಈ ಸಲ ನೀನು ಮೊದಲು ಹೋಗು” ಎಂದು ನಾನು ಹೇಳಿದ್ದೆ. ತಾವು ಚಾ ಮುಗಿಸಿ ಹೋಗುತ್ತೇನೆ ಎಂದಿರಿ. ಚಾ ಬಿಸಿ ಇತ್ತು. ಅಷ್ಟರೊಳಗೆ ಒಂದು ಸುತ್ತು ನೋಡಿ ಬರುವ ಎಂದು ನಾನು ಒಳಹೋದೆ. ಇದು ತಪ್ಪು ಎಂದು ಒಪ್ಪಿದ್ದೇನೆ.

ಮುಂದಿನದು ಗೇಟಿನ ಎದುರು ಚಾ ಅಂಗಡಿ ನಡೆಸುವ ಚನಿಯಪ್ಪ ನನಗೆ ಕೊಟ್ಟ ಹೇಳಿಕೆ:

“ಟೀಚರು ಚಾ ಕುಡಿತಾ ಇದ್ದರು. ಒಂದು ಕೈಯಲ್ಲಿ ಗ್ಲಾಸು, ಒಂದು ಕೈಯಲ್ಲಿ ಎರಡು ನಾಯಿ. ಪೇಪರ್ ಬಂತು. ‘ಟೀಚರೇ, ನೀವು ಕೋಟೆ ಹತ್ತಿದ್ದು ಬಂದಿದೆ’ ಅಂತ ನಾನೇ ಕೊಟ್ಟದ್ದು. ನನಗೆ ಎಂತ ಗೊತ್ತು? ಒಮ್ಮೆ ಓದಿದರು. ನಾಯಿಗಳ ಮುಖ ನೋಡಿದರು. ಮತ್ತೆ ಓದಿದರು. ‘ಕೆಂಪು ಪೆನ್ನು ಉಂಟಾ ಚನಿಯಪ್ಪಣ್ಣ?’ ಕೇಳಿದರು. ನನ್ನ ಹತ್ತಿರ ನೀಲಿ ಇದ್ದದ್ದು. ಅವರದೇ ಬ್ಯಾಗಿನಲ್ಲಿ ಕೆಂಪು ಸಿಕ್ಕಿತು.”

“ನನಗೆ ಎಂತಾದರೂ ಹೇಳಿದರಾ?”

“‘ಬಂದರೆ ಪೇಪರ್ ಕೊಡಿ’ ಅಂದರು. ಚಾದ ದುಡ್ಡು ಕೊಟ್ಟು ಹೋದರು. ನಿಮ್ಮದೂ ಕೊಟ್ಟಿದ್ದಾರೆ, ಕುಡಿಯಿರಿ.”

ಪೇಪರಿನಲ್ಲಿ ಇದ್ದದ್ದು: “ದಂಪತಿ ಸಾಕುನಾಯಿಗಳೊಂದಿಗೆ ಕೋಟೆಯ ತುದಿಯಲ್ಲಿ ನಿಂತು ಸೂರ್ಯೋದಯ ವೀಕ್ಷಿಸಿದರು. ‘ಜೀವನ ಸಾರ್ಥಕವಾಯಿತು’ ಎಂದು ಶ್ರೀಮತಿ ಸೇವಂತಿ ಸಂತಸ ವ್ಯಕ್ತಪಡಿಸಿದರು.”

ಸೂರ್ಯೋದಯಕ್ಕೆ ಒಂದು ಅಡ್ಡಗೆರೆ. ನಾಯಿಗಳಿಗೆ ಒಂದು. ಸಾರ್ಥಕದ ಪಕ್ಕದಲ್ಲಿ ಕೆಂಪಿನಲ್ಲಿ: “ಯಾರು ಹೇಳಿದ್ದು? ಯಾವಾಗ?” ಕೆಳಗೆ ಹತ್ತರಲ್ಲಿ ಸೊನ್ನೆ. ಯಾರು, ಯಾವಾಗ ಎಂಬುದು ವರದಿಗಾರನಾದವನು ಮೊದಲು ಕೇಳಬೇಕಾದ ಪ್ರಶ್ನೆಗಳು.

8. ನೆಟ್ಟಣದವರೆಗೆ ಜೀಪು, ಅಲ್ಲಿಂದ ಬಸ್ಸು. ಮನೆಗೆ 3.20. ಬೊಳ್ಳು ಬಾಲ ಅಲ್ಲಾಡಿಸಿತು. ತಾವು ತಲೆ ಎತ್ತಲಿಲ್ಲ. ಮಾರನೇ ದಿನ ಸಂಜೆ ಉಲ್ಲೇಖ (2)ರ ಆದೇಶ ಬಂತು: “ಭಾನುವಾರ ನಾನು ಗಡಾಯಿಕಲ್ಲಿಗೆ ಹೋಗುದು. ನಾಯಿ ಹಿಡಿಯಲಿಕ್ಕೆ ಮರ್ಕಂಜದಿಂದ ಭವಿತಾ ಬರ್ತಾಳೆ. ನೀವು ಬರುದು ಬೇಡ. ನಿಮಗೆ ಹೋಗದೆಯೂ ಬರೀಲಿಕ್ಕೆ ಆಗ್ತದಲ್ಲ.”

9. ಭವಿತಾ ತಮ್ಮ ತಂಗಿ ಎಂಬ ಗೌರವ ಇಟ್ಟುಕೊಂಡೇ ಈ ಕೆಳಗಿನ ಸಂಗತಿಯನ್ನು ಗಮನಕ್ಕೆ ತರುತ್ತೇನೆ. ಕಳೆದ ದೀಪಾವಳಿಯಲ್ಲಿ ಟೈಗರ್ ಒಂದು ಬೆಕ್ಕನ್ನು ಕಂಡು ಎಳೆದಾಗ ಅವರು ತೋಟದ ನೀರು ಹರಿಯುವ ಕಣಿಗೆ ಬಿದ್ದಿದ್ದಾರೆ. ಹಗ್ಗ ಬಿಡಲಿಲ್ಲ ಎಂಬುದು ಅವರ ಪರವಾದ ಅಂಶ. ಆದರೆ ಗೇಟಿನ ಬಳಿ ಮಂಗಗಳಿವೆ. ತಮ್ಮ ಮನಸ್ಸು ಅರ್ಧ ಕೋಟೆಯಲ್ಲಿ, ಅರ್ಧ ಕೆಳಗೆ ಇರಬಾರದು. ಮೂವತ್ತು ವರ್ಷ ಜತೆಗಿದ್ದವನು ತಮಗೋಸ್ಕರ ಒಂದು ಗೇಟಿನಲ್ಲಿಯೂ ನಿಂತಿಲ್ಲ ಎಂಬುದು ಗುರುವಾರ 10.50ರ ನಂತರ ನನಗೆ ತಿಳಿದ ವಿಷಯ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ನಾಯಿ ಹಿಡಿಯುವ ಸದರಿ ಸ್ಥಾನವನ್ನು ನನಗೆ ಕೊಡಬೇಕಾಗಿ ವಿನಂತಿ. ತಾವು ಇಳಿಯುವವರೆಗೆ ಗೇಟು ಬಿಟ್ಟು ಕದಲುವುದಿಲ್ಲ. ಯಾರ ಹೆಸರನ್ನೂ ಕೇಳುವುದಿಲ್ಲ. ಮುಂದಿನ ಸೀಟು ಎಂದಿನಂತೆ ಬೊಳ್ಳುವಿಗೆ ಇರಲಿ. ಹಿಂದೆ ಟೈಗರಿನ ಎಡಬದಿ ಖಾಲಿ ಇದ್ದರೆ ಸಾಕು.

ತಮ್ಮ ವಿಶ್ವಾಸಿ (ಗುರುವಾರದ ಮಟ್ಟಿಗೆ ಈ ಪದವನ್ನು ಪರಿಗಣಿಸಬಾರದು),
ತೀರ್ಥರಾಮ ಎಂ.
8-2-2025, ಬೆಳಿಗ್ಗೆ 9.30

ಅಡಕ:
1. ಕೆಂಪು ಶಾಯಿ ಸಹಿತ ಪತ್ರಿಕೆಯ ತುಣುಕು.
2. ಕಾಸರಗೋಡಿನ ಹನ್ನೊಂದು ಮಂದಿಯ ಪಟ್ಟಿ. ತಾವು ಒಲೆಗೆ ಹಾಕಬಹುದು.
3. ನನ್ನ ಪೆನ್ನು, ಒಂದು. ಪ್ರವಾಸ ಮುಗಿಯುವವರೆಗೆ ತಮ್ಮ ವಶದಲ್ಲಿರಲಿ.

ಷರಾ (ಕೆಂಪು ಶಾಯಿಯಲ್ಲಿ): ನೋಡಿದೆ. ಭವಿತಾಳಿಗೆ ನೀವೇ ಫೋನ್ ಮಾಡಿ ಬರುದು ಬೇಡ ಹೇಳಿ. ಕಣಿಯ ಸಂಗತಿ ಎತ್ತುದು ಬೇಡ. ನಾಲ್ಕೂವರೆಗೆ ಹೊರಡುದು. — ಸೇ.

ಕಚೇರಿ ಪ್ರತಿಗೆ ಅರ್ಜಿದಾರನ ಟಿಪ್ಪಣಿ: ಭಾನುವಾರ ಬೆಳಿಗ್ಗೆ 7.00ಕ್ಕೆ ಅವರು ಗೇಟಿನ ಒಳಗೆ ಹೋದರು. 12.25ಕ್ಕೆ ಬಂದರು. ಮುಖ ಕೆಂಪಾಗಿತ್ತು, ಸೀರೆಯ ಅಂಚಿನಲ್ಲಿ ಮುಳ್ಳು ಇತ್ತು. ಬಾಗಿಲು ಯಾವ ದಿಕ್ಕಿಗೆ ಎಂದು ಕೇಳಿದೆ. “ಗುರುವಾರ ಓದಿ” ಎಂದರು. 13-2-2025ರ ಸಂಚಿಕೆಯ ನಾಲ್ಕನೇ ಪುಟದಲ್ಲಿ ಅವರು ಬರೆದ ಆರು ಸಾಲಿನ ತಿದ್ದುಪಡಿ ಬಂತು. ಬಾಗಿಲಿನ ದಿಕ್ಕು ಇತ್ತು. ಗೇಟಿನಲ್ಲಿ ಕಾದಿದ್ದ ಎರಡೂ ನಾಯಿಗಳ ಹೆಸರು ಇತ್ತು. ಹಗ್ಗ ಹಿಡಿದವರ ಹೆಸರು ಇರಲಿಲ್ಲ.