ಹುಳ ಮುಟ್ಟದ ದೇವರ ಹತ್ತಿ

ಹಲಗೇರಿಯ ಕರಬಸಪ್ಪನ ಹೊಲಕ್ಕೂ ಮರಿಯವ್ವನ ಹಿತ್ತಲಿಗೂ ನಡುವೆ ಇದ್ದದ್ದು ಒಂದು ಮುಳ್ಳುಬೇಲಿ. ಬೇಲಿಯಾಚೆ ಮರಿಯವ್ವನ ದೇವರ ಹತ್ತಿ ಗಿಡ ಮೈತುಂಬ ಹಳದಿ ಹೂ ಬಿಟ್ಟುಕೊಂಡು ನಿಂತಿತ್ತು. ಅದರ ಹತ್ತಿಯಿಂದ ಬತ್ತಿ ಹೊಸೆದು ಅವಳು ಕದರಮಂಡಲಗಿ ಹನುಮಪ್ಪನ ದೀಪಕ್ಕೆ ಒಯ್ಯುತ್ತಿದ್ದಳು. ಇಷ್ಟು ದಿನ ಆ ಗಿಡದ ಗೊಡವೆಗೆ ಯಾರೂ ಹೋಗಿರಲಿಲ್ಲ.

ಆದರೆ ಅಂದು ಬೀಜದ ಕಂಪನಿಯ ಸಾಹೇಬರು ರಾಣೇಬೆನ್ನೂರಿನಿಂದ ಬರುವವರಿದ್ದರು. ಕರಬಸಪ್ಪ ಕೆಲವು ವರ್ಷಗಳಿಂದ ಕಂಪನಿಗೆ ಬೀಟಿ ಹತ್ತಿಯ ಬೀಜ ಬೆಳೆದುಕೊಡುತ್ತಿದ್ದ. ಹತ್ತಿರ ಬೇರೆ ಜಾತಿಯ ಹತ್ತಿ ಹೂ ಬಿಟ್ಟಿದ್ದು ಕಂಡರೆ, ಅದರ ಪರಾಗ ಬಂದು ಬೀಜ ಕೆಡುತ್ತದೆಂದು ಇಡೀ ಪ್ಲಾಟನ್ನೇ ತಿರಸ್ಕರಿಸುವುದು ಈ ಹೊಸ ಸಾಹೇಬರ ಕಾನೂನಂತೆ.

“ಯವ್ವಾ, ಆ ಗಿಡ ಕಡೀಲೇನು?” ಎಂದು ಕರಬಸಪ್ಪ ಬೇಲಿಯ ಈಚೆಯಿಂದ ಮೆತ್ತಗೆ ಕೇಳಿದ.

“ನಿನ್ನ ಹೊಲಾ ಕಡಕೋ. ದೇವರ ಗಿಡಕ್ಕ ಯಾಕ ಕೈ ಹಚ್ಚತಿ?” ಎಂದಳು ಮರಿಯವ್ವ.

ಕರೆಯದೆ ಬಂದು ನ್ಯಾಯ ಹೇಳುವುದರಲ್ಲಿ ಪಕ್ಕದ ಮನೆಯ ಸಲಾವುದ್ದೀನನದು ಎತ್ತಿದ ಕೈ. “ಗಿಡ ಇದ್ರ ಇರಲಿ ಬಿಡು ಕರಬಸಪ್ಪಣ್ಣ. ಹೂವ ಇಲ್ಲಂದ್ರ ಪುಡಿ ಎಲ್ಲಿಂದ ಬರ್ತೈತಿ? ಹೂವಷ್ಟ ಹರಕೋ,” ಎಂದ.

ಒಂದು ಹೂವೂ ನೆಲಕ್ಕೆ ಬೀಳಬಾರದೆಂಬ ಕರಾರಿನ ಮೇಲೆ ಮರಿಯವ್ವ ಒಪ್ಪಿದಳು. ಕರಬಸಪ್ಪ ಸ್ಟೂಲು ಹತ್ತಿ, ಹರಿದ ಹೂಗಳನ್ನು ಧೋತರದ ಮಡಿಲಿಗೆ ತುಂಬಿಕೊಳ್ಳತೊಡಗಿದ. ಕೆಳಗೆ ಸ್ಟೂಲು ಹಿಡಿದಿದ್ದ ಸಲಾವುದ್ದೀನ, ತುದಿಯಲ್ಲಿ ಉಳಿದ ಹೂವನ್ನು ತೋರಿಸಲು ಎರಡೂ ಕೈ ಎತ್ತಿದ. ಕರಬಸಪ್ಪ ಹೂವಿನ ಸಮೇತ ಬಿದ್ದು, ಮೈಲಾರಕ್ಕೆ ಹೋಗಿ ಭಂಡಾರ ಬಳಿದುಕೊಂಡು ಬಂದವನ ಹಾಗೆ ಹಳದಿಯಾದ. ಅದೇ ಹೊತ್ತಿಗೆ ಸಾಹೇಬರ ಬೈಕು ಬಂತು.

ಸಾಹೇಬ ಚೇತನಕುಮಾರ ಎಳೆಯ ಹುಡುಗ. “ಯಜಮಾನ್ರ, ನಿಮ್ಮ ಮೈಮ್ಯಾಲೆಲ್ಲಾ ಬ್ಯಾರೆ ಹತ್ತಿ ಪುಡಿ ಐತಿ. ನೀವು ಪ್ಲಾಟಿನೊಳಗ ಕಾಲಿಡಬ್ಯಾಡ್ರಿ,” ಎಂದ. ಹೊಲದ ಧಣಿ ಹೊರಗೆ ನಿಂತ. ಸಲಾವುದ್ದೀನ ಮಾತ್ರ ತಾನೇ ಬೆಳೆದವನಂತೆ ಸಾಹೇಬರಿಗೆ ಸಾಲು ಸಾಲು ತೋರಿಸುತ್ತ ನಡೆದ.

ಪ್ಲಾಟು ನೋಡಿ ಹಿತ್ತಲಿಗೆ ಬಂದ ಚೇತನಕುಮಾರ ಗಿಡದ ಮುಂದೆ ನಿಂತುಬಿಟ್ಟ. ಪಕ್ಕದ ಬೆಂಡೆಕಾಯಿ ಒಂದೊಂದನ್ನೂ ಹುಳ ಕೊರೆದಿತ್ತು. ಹತ್ತಿಯ ಕಾಯಿಗಳಲ್ಲಿ ಒಂದು ತೂತೂ ಇರಲಿಲ್ಲ.

“ಯವ್ವಾ, ಇದಕ್ಕ ಏನ ಔಷಧ ಹೊಡೀತೀರಿ?”

“ದೇವರ ಗಿಡಕ್ಕ ಎಂಥಾ ಔಷಧ ತಮ್ಮಾ? ಇದರ ತಾಯಿ ಗಿಡಕ್ಕ ಹುಳಾ ಬೀಳತಿದ್ದವು. ಅದು ಗಾಳಿಗೆ ಬಿದ್ದಮ್ಯಾಲ ಅದರ ಬೀಜ ಊರಿದೆ. ಇದನ್ನ ಹನುಮಪ್ಪ ಕಾಯಾಕತ್ತಾನ.”

ಚೇತನಕುಮಾರ ಒಂದು ಎಲೆ ಹರಿದು, ಸಣ್ಣ ಕೊಳವೆಯ ನೀರಿನಲ್ಲಿ ಅರೆದು, ಕಾಗದದ ಪಟ್ಟಿಯೊಂದನ್ನು ಅದ್ದಿದ. ನಾಲ್ವರೂ ಬಗ್ಗಿ ನೋಡಿದರು. ಕರಬಸಪ್ಪನಿಗೂ ತನ್ನ ಚಿಂತೆ ಮರೆತುಹೋಯಿತು. ಪಟ್ಟಿಯ ಮೇಲೆ ಮೊದಲು ಒಂದು ಕೆಂಪು ಗೆರೆ ಮೂಡಿತು, ಆಮೇಲೆ ಇನ್ನೊಂದು.

“ಎರಡು ಗೆರಿ ಅಂದ್ರ ಇದರಾಗೂ ಬೀಟಿ ಐತಿ,” ಎಂದ ಚೇತನಕುಮಾರ. “ಹಿಂದೊಮ್ಮೆ ನಿಮ್ಮ ಹೊಲದ ಹೂವಿನ ಪುಡೀನ ಜೇನಹುಳ ತಾಯಿ ಗಿಡಕ್ಕ ಒಯ್ದಾವ. ಹುಳಾ ಕೊಲ್ಲೋ ಗುಣ ಅದರ ಬೀಜಕ್ಕ ಬಂದೈತಿ.”

ಕರಬಸಪ್ಪನಿಗೆ ಸೋಜಿಗವಾಯಿತು. ಮರಿಯವ್ವನ ಗಿಡ ತನ್ನ ಹೊಲ ಕೆಡಿಸುತ್ತದೆಂದು ಅವನು ಬೆಳಗಿನಿಂದ ಹೆದರಿದ್ದ. ಅವನ ಹೊಲವೇ ಯಾವಾಗಲೋ ಬೇಲಿ ದಾಟಿ ಹೋಗಿತ್ತು.

“ಈಗ ಗಿಡದಾಗ ಹೂವಿಲ್ಲ, ಪ್ಲಾಟ್ ಪಾಸಾತು. ಮುಂದಿನ ವರ್ಷನೂ ನಿಮಗ ಕೊಡಸ್ತೇನಿ. ಆದ್ರ ಅಷ್ಟೊತ್ತಿಗೆ ಸುತ್ತಮುತ್ತ ಇಂಥಾ ಗಿಡ ಇರಬಾರದು,” ಎಂದು ಹೇಳಿ ಸಾಹೇಬ ಬೈಕು ಹತ್ತಿದ.

ಕರಬಸಪ್ಪ ಮರಿಯವ್ವನ ಮುಖ ನೋಡಿದ. ಅವಳು “ಕಿತ್ತಗೋ ಹೋಗು,” ಎಂದುಬಿಟ್ಟಳು. ಅವಳ ಮನಸ್ಸು ತಿರುಗುವ ಮೊದಲೇ ಅವನು ಗಿಡವನ್ನು ಬೇರುಸಮೇತ ಕಿತ್ತು, ಜಳಕ ಮಾಡಿ, ಬಸವಣ್ಣನ ಗುಡಿಗೆ ಕಾಯಿ ಒಡೆಸಲು ಹೋದ.

ಸಂಜೆ ಮನೆಗೆ ಬಂದಾಗ ಹೆಂಡತಿ ಗದಿಗೆವ್ವ ಬಚ್ಚಲಲ್ಲಿ ಕೈಯ ಮಣ್ಣು ತೊಳೆಯುತ್ತಿದ್ದಳು. “ಮರಿಯವ್ವ ಇಷ್ಟ ಲಗೂ ಒಪ್ಪತಾಳಂತ ನಾ ತಿಳಿದಿದ್ದಿಲ್ಲ,” ಎಂದ ಕರಬಸಪ್ಪ ನಗುತ್ತ.

“ಒಪ್ಪಲಾರದ ಏನ್ರಿ? ಬತ್ತಿ ಹೊಸಿಯೋವಾಗ ತಗದ ಬೀಜ ಆಕಿ ಕಡೆ ಚೀಲಗಟ್ಟಲೆ ಅದಾವ. ಹುಳಾ ಮುಟ್ಟದ ಹನುಮಪ್ಪನ ಹತ್ತಿ ಅಂತ ಇವತ್ತ ಓಣಿಗೆಲ್ಲಾ ಹಂಚ್ಯಾಳ. ಸಲಾವುದ್ದೀನಣ್ಣನೂ ಬೇಲಿಗುಂಟ ಊರ್ಯಾನ.”

ಕರಬಸಪ್ಪ ಹೆಂಡತಿಯ ಕೈಯ ಮಣ್ಣು ನೋಡಿದ. “ನೀ ಇಸಗೊಂಡಿಲ್ಲ ಹೌದಲ್ಲ?”

“ಇಸಗೊಳ್ಳದಿದ್ರ ಹೆಂಗ್ರಿ? ದೇವರ ಗಿಡ ಕಿತ್ತವರು ನಾವು, ಆ ಪಾಪ ನಮಗ ತಟ್ಟಬಾರದಲ್ಲ. ಅದಕ್ಕ ಎಲ್ಲಾರಕಿಂತ ಹೆಚ್ಚಿಗಿ ಇಸಗೊಂಡು, ನಮ್ಮ ಪ್ಲಾಟಿನ ಬದುವಿಗುಂಟ ನಾಕೂ ಕಡೆ ಊರಿ ನೀರು ಹಾಕಿ ಬಂದೇನಿ.”