ಎಡಕ್ಕೆ ವಾಲಿ ಮೇಲೆ ಬರುವ ಕುರಿತು

ನೀರಿಗೆ ಇಳಿದವನು ಮೇಲೆ ಬರಬೇಕು ಎಂಬುದು ನಮ್ಮ ಬಂದರು ಇಲಾಖೆಯ ಮುಳುಗು ವಿಭಾಗದಲ್ಲಿ ಮೊದಲಿನಿಂದಲೂ ಜಾರಿಯಲ್ಲಿರುವ ನಿಯಮ. ಯಾವ ಭಂಗಿಯಲ್ಲಿ ಬರಬೇಕು ಎಂಬುದಕ್ಕೆ ಮಾತ್ರ ಇತ್ತೀಚಿನವರೆಗೂ ನಿಯಮವಿರಲಿಲ್ಲ. ಭಗವಂತನ ದಯೆಯಿಂದ ಆ ಕೊರತೆ ಈಗ ನೀಗಿದೆ. ನೀಗಿದ ಬಗೆಯನ್ನು, ತಿಳಿಯದವರ ತಿಳಿವಳಿಕೆಗಾಗಿ, ಇಲ್ಲಿ ನಿವೇದಿಸಲಾಗಿದೆ.

ವಿಭಾಗದಲ್ಲಿ ನಾಲ್ವರು ಮುಳುಗುಗಾರರೂ ಅವರನ್ನು ನೋಡಿಕೊಳ್ಳಲು ಒಂದು ಮಹಡಿ ತುಂಬ ಒಣಗಿದ ಸಿಬ್ಬಂದಿಯೂ ಇದ್ದಾರೆ. ಹಡಗುಕಟ್ಟೆಯ ಕಬ್ಬಿಣದ ಬಾಗಿಲ ಕೀಲಿಗೆ ಸಿಕ್ಕಿಕೊಂಡ ಹಗ್ಗ, ಚಿಂದಿ, ಕೆಸರು ತೆಗೆಯುವುದು ನಾಲ್ವರ ಕೆಲಸ. ತೆಗೆದರೆಂದು ಬರೆಯುವುದು ಮಹಡಿಯವರ ಕೆಲಸ. ಮುಳುಗುವವನ ಬೆನ್ನಿಗೆ ಒಂದು ಗಾಳಿಚೀಲ ಕಟ್ಟಿರುತ್ತದೆ. ಬೆನ್ನಿನ ಎರಡೂ ಪಕ್ಕಕ್ಕೆ ಹರಡಿಕೊಳ್ಳುವುದರಿಂದ ಅದನ್ನು ರೆಕ್ಕೆ ಎನ್ನುತ್ತಾರೆ. ಗಾಳಿ ತುಂಬಿದರೆ ಆಳು ಮೇಲಕ್ಕೆ, ಬಿಟ್ಟರೆ ಕೆಳಕ್ಕೆ. ಇಷ್ಟು ಸರಳವಾದ ವಸ್ತುವೊಂದು ಸರ್ಕಾರಿ ಕಚೇರಿಯಲ್ಲಿ ಅಷ್ಟು ವರ್ಷ ಯಾರ ಗಮನಕ್ಕೂ ಬಾರದೆ ಉಳಿದದ್ದು ಆಶ್ಚರ್ಯವೇ ಸರಿ.

ಗಮನಕ್ಕೆ ತಂದವರು ಉಗ್ರಾಣಾಧಿಕಾರಿಗಳು. ಅವರ ಬೀಗರದು ಒಳ ಉಡುಪಿನ ಸೊಂಟಕ್ಕೆ ಹಾಕುವ ರಬ್ಬರ್ ಪಟ್ಟಿಯ ಕಾರ್ಖಾನೆ. ಆ ವರ್ಷ ಪಟ್ಟಿ ಮಾರಾಟವಾಗದೆ ಬೀಗರ ಮುಖ ಸಪ್ಪಗಾಗಿತ್ತು; ಮಗಳು ಎರಡು ಸಲ ಪೆಟ್ಟಿಗೆ ಸಮೇತ ತವರಿಗೆ ಬಂದು ಕುಳಿತಿದ್ದಳು. ಹೀಗಿರುವಾಗ, ರೆಕ್ಕೆಯ ಸುತ್ತ ರಬ್ಬರ್ ಪಟ್ಟಿ ಬಿಗಿದರೆ ಅದು ನೀರಿನಲ್ಲಿ ಜೋಲಾಡದೆ ಅಚ್ಚುಕಟ್ಟಾಗಿರುತ್ತದೆ ಎಂಬ ಸುರಕ್ಷತೆಯ ವಿಚಾರ ಅವರಿಗೆ ಹೊಳೆಯಿತು.

ಹಿರಿಯ ಮುಳುಗುಗಾರ ಅವರ ತಂಗಿಯ ಗಂಡ. ಸುದ್ದಿ ತಿಳಿದವನೇ ಒದ್ದೆ ಮೈಯಲ್ಲೇ ಉಗ್ರಾಣಕ್ಕೆ ಬಂದ.

"ಭಾವಾ, ಚಡ್ಡಿ ಪಟ್ಟಿ ತಂದು ನನ್ನ ಬೆನ್ನಿಗೆ ಕಟ್ತೀರಂತೆ?"

"ಚಡ್ಡಿ ಪಟ್ಟಿ ಅಲ್ಲಯ್ಯ, ಸಂಕೋಚನ ಪಟ್ಟಿ. ನೆಲ ಒದ್ದೆ ಮಾಡಬೇಡ, ಹೊಸ್ತಿಲಾಚೆ ನಿಂತು ಮಾತಾಡು."

"ರೆಕ್ಕೆ ಎಲ್ಲಾದ್ರೂ ತೂತಾದ್ರೆ ಆ ರಬ್ಬರ್ ಇದ್ದಬದ್ದ ಗಾಳೀನೆಲ್ಲ ಹಿಂಡಿ ಹೊರಗೆ ಹಾಕುತ್ತೆ. ಬಾಯಲ್ಲಿ ಊದೋಣ ಅಂದ್ರೆ ಅದೇ ತಿರುಗಿ ನನ್ನ ಬಾಯಿಗೆ ಊದುತ್ತೆ. ನಾನು ತಳದಲ್ಲೇ ಉಳ್ಕೊಂಡ್ರೆ ನಿಮ್ಮ ತಂಗಿಗೆ ಯಾರು ಹೇಳೋದು?"

"ಅದಕ್ಕ್ಯಾಕೆ ಯೋಚನೆ? ನಾನೇ ಹೇಳ್ತೀನಿ ಬಿಡು," ಎಂದು ಭಾವ ಸಮಾಧಾನಪಡಿಸಿದರು.

ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಲಾಯಿತು. ಅಧ್ಯಕ್ಷರು ನಮ್ಮ ಅಧೀಕ್ಷಕರು. ತಣ್ಣೀರು ಅವರ ಮೈಗೆ ಒಗ್ಗದು. ಮಹಡಿಯ ಕೋಣೆಯಲ್ಲಿ, ಬಣ್ಣ ಬಳಿದಾಗ ಅಂಟಿಕೊಂಡು ಇನ್ನೂ ತೆರೆಯಲಾಗದ ಕಿಟಕಿಯ ಪಕ್ಕ, ಮೇಜಿನ ಮೇಲೆ ಎರಡು ರೆಕ್ಕೆಗಳನ್ನು ಊದಿ ಇಟ್ಟು ಪರೀಕ್ಷಿಸಲಾಯಿತು. ಪಟ್ಟಿಯಿಲ್ಲದ ರೆಕ್ಕೆ ಹರಡಿಕೊಂಡು ಅಧ್ಯಕ್ಷರ ಕನ್ನಡಕವನ್ನು ಕೆಳಗೆ ಬೀಳಿಸಿತು. ಪಟ್ಟಿಯಿದ್ದದ್ದು ಎಲ್ಲಿಟ್ಟಿದ್ದರೋ ಅಲ್ಲೇ ವಿನಯದಿಂದ ಕುಳಿತಿತ್ತು. ಸಮುದ್ರದ ತಳದಲ್ಲಿ ಯಾವುದು ಸುರಕ್ಷಿತವೆಂದು ಬೇರೆ ಹೇಳಬೇಕಾಗಲಿಲ್ಲ. ಮುಳುಗುಗಾರರ ಆಕ್ಷೇಪಣೆಯನ್ನು "ಒದ್ದೆ ಅಭಿಪ್ರಾಯ" ಎಂಬ ಶೀರ್ಷಿಕೆಯಡಿ ದಾಖಲಿಸಿಕೊಳ್ಳಲಾಯಿತು.

ನಾಲ್ವರೂ ನೀರಿಗಿಳಿಯುವುದಿಲ್ಲವೆಂದು ಕಟ್ಟೆಯ ಮೇಲೆ ಕುಳಿತರು. ಬಾಗಿಲು ಮುಚ್ಚಿ ಕಟ್ಟೆಯ ನೀರು ಖಾಲಿ ಮಾಡಲಾಗದೆ, ದುರಸ್ತಿಗೆ ಬಂದ ಹಡಗುಗಳು ಹೊರಗೇ ನಿಂತವು. ಆಗ ಅಧೀಕ್ಷಕರು, ಹಟ ಯಾರಿಗೂ ಶ್ರೇಯಸ್ಸಲ್ಲವೆಂದೂ, ಇಲ್ಲಿ ಒಬ್ಬರು ಗೆದ್ದು ಒಬ್ಬರು ಸೋಲುವುದು ಬೇಡವೆಂದೂ ಹೇಳಿ, ರೆಕ್ಕೆಯ ಎಡಭಾಗಕ್ಕೆ ಪಟ್ಟಿ ಬಿಗಿದು ಬಲಭಾಗವನ್ನು ಹಾಗೇ ಬಿಡುವಂತೆ ಆದೇಶಿಸಿದರು. ಇಬ್ಬರ ಮನಸ್ಸಿಗೂ ನೋವಾಗದ ಇಂಥ ತೀರ್ಪು ಬಂದರಿನಲ್ಲಿ ಹಿಂದೆಂದೂ ಹೊರಬಿದ್ದಿರಲಿಲ್ಲ.

ಹಿರಿಯ ಮುಳುಗುಗಾರನೇ ಮೊದಲು ಇಳಿದ. ಕೆಲಸ ಮುಗಿಸಿ ಗಾಳಿ ತುಂಬಿದಾಗ ಗಾಳಿಯೆಲ್ಲ ಸಡಿಲವಿದ್ದ ಬಲಕ್ಕೆ ಹೋಯಿತು. ಬಲಭುಜ ಮೇಲಕ್ಕೆ, ಎಡಭುಜ ಕೆಳಕ್ಕಾಗಿ, ಗಿರಗಿರನೆ ತಿರುಗುತ್ತ ಬಂದು, ಎಡಗೆನ್ನೆ ನೀರಿನಲ್ಲೇ ಇಟ್ಟುಕೊಂಡು ತೇಲಿದ.

"ಮೇಲೆ ಬಂದನೇನ್ರೀ?" ಎಂದು ಅಧೀಕ್ಷಕರು ಕೊಡೆಯಡಿಯಿಂದ ಕೇಳಿದರು.

"ಅರ್ಧ ಬಂದಿದ್ದಾನೆ ಸಾರ್."

"ಇನ್ನರ್ಧ?"

"ನೀರು ಕುಡೀತಾ ಇದೆ ಸಾರ್."

ಅಂದೇ ಸುತ್ತೋಲೆ ಹೊರಟಿತು. "ಮುಳುಗುಗಾರರು ಇನ್ನು ಮುಂದೆ ಎಡಕ್ಕೆ ವಾಲಿಯೇ ಮೇಲೆ ಬರತಕ್ಕದ್ದು. ಬಾಯಿಯ ಎಡಭಾಗವನ್ನು ಮುಚ್ಚಿಕೊಂಡು ಬಲಭಾಗದಿಂದ ಮಾತ್ರ ಉಸಿರಾಡತಕ್ಕದ್ದು. ಎಡಭಾಗದಿಂದ ಒಳಹೋದ ಸಮುದ್ರದ ನೀರಿಗೆ ಇಲಾಖೆಯು ಶುಲ್ಕ ವಿಧಿಸುವುದಿಲ್ಲ." ಹತ್ತುವ ಏಣಿ ನೆಟ್ಟಗಿರುವುದು ನೌಕರರ ಅನುಕೂಲಕ್ಕೆ ಅಡ್ಡಿಯೆಂದು ಕಂಡುಬಂದುದರಿಂದ ಅದನ್ನು ಕಿತ್ತು ಓರೆಯಾಗಿ ಜೋಡಿಸಲಾಯಿತು. ಉಗ್ರಾಣಾಧಿಕಾರಿಗಳ ಮಗಳು ಪೆಟ್ಟಿಗೆ ತೆಗೆದುಕೊಂಡು ಗಂಡನ ಮನೆಗೆ ಮರಳಿದಳು.

ಮುಳುಗುಗಾರ ಮನೆಗೆ ಹೋದ ಮೇಲೂ ಒಂದು ಕಡೆ ತಲೆ ಬಾಗಿಸಿ ಕೆಮ್ಮುತ್ತಿದ್ದ. "ಇನ್ನೊಂದು ಸಲ ಹೀಗೆ ತೇಲಿದ್ರೆ ಎದ್ದು ಬರ್ತೀನೋ ಇಲ್ವೋ," ಎಂದ. ಹೆಂಡತಿ ಅವನ ಕಿವಿಯಿಂದ ನೀರು ಇಳಿಸುತ್ತ, "ನಮ್ಮಣ್ಣ ಕೆಟ್ಟದ್ದು ಯಾಕೆ ಮಾಡ್ತಾನೆ?" ಎಂದಳು.

ಮೇಲಧಿಕಾರಿಗಳು ತಪಾಸಣೆಗೆ ಬಂದ ದಿನ ಮೂವರು ಮುಳುಗುಗಾರರು ಒಂದೇ ಓರೆಯಲ್ಲಿ ಒಬ್ಬರ ಹಿಂದೊಬ್ಬರು ತೇಲಿ ಬಂದರು. ಮೇಲಧಿಕಾರಿಗಳ ಕಣ್ಣು ತುಂಬಿತು. "ಎಂಥ ಶಿಸ್ತು! ನೀರಿನಿಂದಲೇ ತಲೆ ಬಾಗಿಸಿಕೊಂಡು ಬರ್ತಾರಲ್ರೀ!"

ಆ ಹೊತ್ತಿಗೆ ತಳದಲ್ಲಿ ಹಿರಿಯ ಮುಳುಗುಗಾರ ಹಳೆಯ ಹಗ್ಗದೊಳಗೆ ಸಿಕ್ಕಿಕೊಂಡಿದ್ದ. ಬಿಡಿಸಿಕೊಳ್ಳಲು ಹೋದಷ್ಟೂ ರೆಕ್ಕೆ ಅವನನ್ನು ಪಕ್ಕಕ್ಕೆ ತಿರುಗಿಸಿ ಇನ್ನಷ್ಟು ಸುತ್ತುತ್ತಿತ್ತು. ಕೊನೆಗೆ ಸೊಂಟದ ಚಾಕು ತೆಗೆದು ಹಗ್ಗವನ್ನೂ ಕೊಯ್ದ, ರೆಕ್ಕೆಯ ರಬ್ಬರ್ ಪಟ್ಟಿಯನ್ನೂ ಕೊಯ್ದ. ನೆಟ್ಟಗೆ, ಎರಡೂ ಭುಜ ಮೇಲಿಟ್ಟುಕೊಂಡು ಬಂದು, ಬಾಯಿತುಂಬ ಉಸಿರೆಳೆದು, "ಕೀಲಿನ ಹಗ್ಗ ಬಿಡಿಸಿದೀನಿ, ಬಾಗಿಲು ಮುಚ್ಚಿ!" ಎಂದು ಕೂಗಿದ.

ಕಟ್ಟೆಯ ಮೇಲಿದ್ದವರು ಬಾಗಿಲು ಬಿಟ್ಟು ಮೇಲಧಿಕಾರಿಗಳ ಮುಖ ನೋಡಿದರು.

"ಇವನ್ಯಾರು?" ಎಂದರು ಮೇಲಧಿಕಾರಿಗಳು. "ಎದೆ ಸೆಟೆಸಿಕೊಂಡು ಬರ್ತಾ ಇದ್ದಾನೆ?"

ಮರುದಿನ ವಿಚಾರಣೆ. ಮುಳುಗುಗಾರ ಸಾಕ್ಷ್ಯವಾಗಿ ರೆಕ್ಕೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಹಾಜರಾದ; ಉಗ್ರಾಣಾಧಿಕಾರಿಗಳು ಹೊಸ ಪಟ್ಟಿ ಹಿಡಿದು ಪಕ್ಕದಲ್ಲಿ ಕುಳಿತಿದ್ದರು. ಸುದ್ದಿ ಕೇಳಿ ಹೆಂಡತಿಯೂ ಬಂದು ಬಾಗಿಲ ಬಳಿ ನಿಂತಿದ್ದಳು.

"ಪಟ್ಟಿ ಯಾಕೆ ಕೊಯ್ದೆ?" ಎಂದು ಅಧೀಕ್ಷಕರು ಕೇಳಿದರು.

"ಬದುಕೋದಕ್ಕೆ ಸಾರ್."

"ಅದು ನಿನ್ನ ಸ್ವಂತ ಕಾರಣ. ಇಲಾಖೆಗೆ ಸಂಬಂಧಪಟ್ಟ ಕಾರಣ ಹೇಳು."

 

"ಸಾರ್, ನಾನು ನೀರಲ್ಲೇ ಸತ್ತುಹೋದ್ರೆ?"

"ಯಾವ ಕಡೆಗೆ?"

"ಹಾಗಂದ್ರೆ?"

"ಎಡಕ್ಕೆ ವಾಲಿ ಸತ್ತರೆ ಕರ್ತವ್ಯದ ಮೇಲೆ ಸತ್ತ ಹಾಗೆ, ಹೆಂಡತಿಗೆ ಇದೇ ಮಹಡಿಯಲ್ಲಿ ಕೆಲಸ, ವಾಸಕ್ಕೆ ಇಲಾಖೆಯ ಮನೆ. ನೆಟ್ಟಗೆ ಸತ್ತರೆ ಅವಿಧೇಯತೆ. ಈಗಿರೋ ಮನೇನೂ ಖಾಲಿ ಮಾಡಬೇಕಾಗುತ್ತೆ. ನಿಯಮ ನಾನು ಮಾಡಿದ್ದಲ್ಲಪ್ಪಾ, ಬರೆದದ್ದು ಮಾತ್ರ ನಾನು."

ಮುಳುಗುಗಾರ ಹೆಂಡತಿಯ ಮುಖ ನೋಡಿದ. ಅವಳು ಅಣ್ಣನ ಕಡೆ ತಿರುಗಿದಳು.

"ಅಣ್ಣಾ, ಎಡಕ್ಕೇ ವಾಲ್ತಾರೆ ತಾನೇ? ಆಮೇಲೆ ನೆಟ್ಟಗಾಗಿಬಿಟ್ರೆ ನಾವೆಲ್ಲಿಗೆ ಹೋಗೋದು?"

"ಬೀಗರ ಮಾಲು ಕಣಮ್ಮಾ! ಜೀವ ಹೋದ್ರೂ ಹಿಡಿತ ಬಿಡಲ್ಲ."

"ಹಾಗಾದ್ರೆ ಕಟ್ಟಿಸ್ಕೊಳ್ಳೀಂದ್ರೆ," ಎಂದಳು ಗಂಡನಿಗೆ. "ಮಕ್ಕಳ ಓದು ಮುಗಿಯೋ ತನಕ ಒಂಚೂರು ಹೊಂದ್ಕೊಂಡು ಹೋಗಿ."

ಅವನು ಬೆನ್ನು ತಿರುಗಿಸಿ ನಿಂತ. ಪಟ್ಟಿ ಹೊಸದಾದ್ದರಿಂದ ಒಬ್ಬರ ಕೈಗೆ ಬಗ್ಗುತ್ತಿರಲಿಲ್ಲ. ಹೆಂಡತಿ ಒಂದು ತುದಿ ಹಿಡಿದುಕೊಂಡಳು, ಭಾವ ಇನ್ನೊಂದು ತುದಿ ಹಿಡಿದು ಎಳೆದರು, ಗಂಟು ಕೂರಲೆಂದು ಅಧೀಕ್ಷಕರು ತಮ್ಮ ಬೆರಳು ಅದುಮಿ ಕೊಟ್ಟರು.