ಶರಣಮ್ಮ ಆಯಿಯ ಮಧ್ಯಾಹ್ನದ ಗಂಟೆ

ಗಂಟೆಯ ಸದ್ದು ಕೇಳಿದರೆ ಕೆಲವರಿಗೆ ದೇವರು ನೆನಪಾಗುತ್ತಾನೆ, ಕೆಲವರಿಗೆ ಶಾಲೆ ಬಿಟ್ಟ ಖುಷಿ. ನನಗೆ ಮಾತ್ರ ಎದೆ ಹಾರುತ್ತದೆ. ಸಾವಿರದ ಒಂಬೈನೂರ ನಲವತ್ತೆಂಟರ ಬೇಸಿಗೆಯಲ್ಲಿ, ಜೇವರ್ಗಿಯಿಂದ ಹೋಗಿದ್ದ ನಾನು ಆಳಂದದ ಟೆಲಿಫೋನ್ ಕಚೇರಿಗೆ ಒಬ್ಬನೇ ಆಪರೇಟರ್. ಊರಿನ ಯಾರಾದರೂ ತಮ್ಮ ಫೋನಿನ ಹಿಡಿಕೆ ತಿರುಗಿಸಿದರೆ ನನ್ನೆದುರಿನ ಬೋರ್ಡಿನಲ್ಲಿ ಅವರ ನಂಬರಿನ ಪುಟ್ಟ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ನಾನು ಅದನ್ನೆತ್ತುವ ತನಕ ಗಂಟೆ ಬಾಯಿ ಮುಚ್ಚುತ್ತಿರಲಿಲ್ಲ. ಕೆಲಸ ಕಲಿಸಿದ ಸಾಹೇಬರು, "ಗಂಟಿ ಖರೇನೋ ಸುಳ್ಳೋ ಅಂತ ವಿಚಾರ ಮಾಡಕೋತ ಕೂಡಬ್ಯಾಡ್ರಿ, ಮೊದಲ ಎತ್ರಿ" ಎಂದಿದ್ದರು. ಹೇಳುವುದು ಸುಲಭ. ಸುತ್ತಲೂ ಗಲಭೆಯ ಕಾಲ. ಪ್ರತಿ ಗಂಟೆಗೂ ಎಲ್ಲಿ ಬೆಂಕಿ ಬಿತ್ತೋ ಎಂದುಕೊಂಡೇ ಮುಚ್ಚಳ ಎತ್ತುತ್ತಿದ್ದೆ.

ಅಂಥದರಲ್ಲಿ ದಿನಾ ಮಧ್ಯಾಹ್ನ, ಊಟದ ಹೊತ್ತಿಗೆ, ತೊಗರಿ ಸಾಹುಕಾರರ ಮನೆಯ ಮುಚ್ಚಳ ಬೀಳುತ್ತಿತ್ತು. ಕೈಯಲ್ಲಿದ್ದ ರೊಟ್ಟಿ ಬಿಟ್ಟು ಓಡಿ ಕೇಳಿದರೆ ಅವರ ತಾಯಿ ಶರಣಮ್ಮ ಆಯಿ: "ಉಂಡ್ಯೇನಪಾ ತಮ್ಮಾ?"

"ಉಣ್ಣಾಕತ್ತಿದ್ದೆರಿ ಆಯಿ, ನೀವೇ ಬಿಡಿಸಿದ್ರಿ! ಇದು ಸರಕಾರಿ ಗಂಟಿ ಅದ."

"ಇರಲಿ ಬಿಡು. ಪಲ್ಯ ಏನ್ ಮಾಡಿದ್ದಿ?"

ಗಲಭೆಗೆ ಹೆದರಿ ಸಾಹುಕಾರರು ಹೆಂಡತಿ ಮಕ್ಕಳನ್ನು ಸೊಲ್ಲಾಪುರಕ್ಕೆ ಕಳಿಸಿ, ತಾವು ಹಗಲೆಲ್ಲ ಅಂಗಡಿಯಲ್ಲಿರುತ್ತಿದ್ದರು. ಅಷ್ಟು ದೊಡ್ಡ ಮನೆಯಲ್ಲಿ ಆಯಿಯ ಮಾತಿಗೆ ಓಗೊಡುವವನು ನಾನೊಬ್ಬನೇ. ಗೊತ್ತಿದ್ದೂ ದಿನಾ ಸಿಡುಕುತ್ತಿದ್ದೆ. ಅವರೂ ದಿನಾ ನಗುತ್ತಿದ್ದರು.

ಒಂದು ದಿನ ಬೆಳಿಗ್ಗೆಯೇ ಚಳಿಜ್ವರ ಶುರುವಾಗಿ, ಮಧ್ಯಾಹ್ನದ ಹೊತ್ತಿಗೆ ಬೋರ್ಡಿನ ಕೆಳಗೇ ಬಿದ್ದುಬಿಟ್ಟಿದ್ದೆ. ಗಂಟೆ ಬಡಿದುಕೊಳ್ಳುತ್ತಿರುವುದು ಕೇಳುತ್ತಿತ್ತು, ಕೈ ಏಳಲಿಲ್ಲ. ನೀರು ಕೇಳೋಣವೆಂದರೆ ಯಾರನ್ನು? ಇದೇ ಗಂಟೆ ಕೇಳುತ್ತಾ ಸಾಯುತ್ತೇನೆಂದುಕೊಂಡೆ. ಆಮೇಲೆ ಕಣ್ಣು ಬಿಟ್ಟಾಗ ಹಣೆಯ ಮೇಲೆ ಒದ್ದೆ ಬಟ್ಟೆ, ಪಕ್ಕದಲ್ಲಿ ಹಕೀಮರು, ತಲೆದೆಸೆಯಲ್ಲಿ ಆಯಿ. ಆ ಸುಡುಬಿಸಿಲಲ್ಲಿ ಕೋಲೂರಿಕೊಂಡು, ದಾರಿಯಲ್ಲಿ ಹಕೀಮರನ್ನೂ ಎಬ್ಬಿಸಿಕೊಂಡು ಬಂದಿದ್ದರು.

"ನಿಮಗ ಹ್ಯಾಂಗ್ ಗೊತ್ತಾತ್ರಿ ಆಯಿ?"

"ದಿನಾ ಸಿಡುಕೋ ಮನಷ್ಯಾ ಇವತ್ತ ಸಿಡುಕಲಿಲ್ಲಂದ್ರ ಏನೋ ಆಗ್ಯದ ಅಂತ ತಿಳೀಲಾರದೇನೋ?"

ಜ್ವರ ಬಿಡುವವರೆಗೂ ಅವರ ಮನೆಯಿಂದಲೇ ಗಂಜಿ ಬಂತು. ಆಮೇಲೆ ಮಧ್ಯಾಹ್ನದ ಗಂಟೆಯಾಗದೆ ನಾನು ಊಟಕ್ಕೇ ಕೂರುತ್ತಿರಲಿಲ್ಲ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಆ ಮುಚ್ಚಳ ಬೀಳಲಿಲ್ಲ. ಕಾದೆ. ನಾನೇ ಅವರ ಮನೆಗೆ ಗಂಟೆ ಹೊಡೆದೆ. ಫೋನ್ ಎತ್ತಿದರು, ಆದರೆ ಬರೀ "ಹ್ಞೂಂ, ಹ್ಞೂಂ" ಎಂಬ ಸದ್ದು. ಕಚೇರಿಗೆ ಬೀಗವನ್ನೂ ಹಾಕದೆ ಓಡಿದೆ. ಆಯಿ ತೊಗರಿಬೇಳೆ ಹಸನು ಮಾಡುತ್ತಾ ಕುಳಿತಿದ್ದರು. ಏನು ಕೇಳಿದರೂ ಮಾತಿಲ್ಲ. ಕೈಯೆತ್ತಿ ಆಕಾಶ ತೋರಿಸುತ್ತಾರೆ, ಬಾಯಿ ತೋರಿಸುತ್ತಾರೆ. ನಾಲಿಗೆ ಬಿದ್ದುಹೋಗಿದೆ, ಇನ್ನೇನು ಉಳಿಯಿತು! "ಹಕೀಮರನ್ನ ಕರೀರಿ!" ಎಂದು ಓಣಿಯೇ ಸೇರುವಂತೆ ಕೂಗಿಕೊಂಡೆ.

"ಹಕೀಮ ಯಾಕಲೇ ಹುಚ್ಚಾ!" ಆಯಿ ಸಿಡಿದರು. "ಶ್ರಾವಣ ಸೋಮವಾರ ಅದ, ಮೌನ ಹಿಡಿದೀನಿ!"

ಓಣಿಯೆಲ್ಲ ಗೊಳ್ಳೆಂದು ನಕ್ಕಿತು. ಮೌನ ಹೇಗೂ ಮುರಿದೇ ಹೋಯಿತೆಂದು ಆಯಿ ಹೊತ್ತಿಳಿಯುವ ತನಕ ಮನಸಾರೆ ಬೈದರು. ಅತ್ತ ಬೋರ್ಡಿನಲ್ಲಿ ಯಾರ್ಯಾರ ಮುಚ್ಚಳ ಬಿದ್ದಿದ್ದವೋ ಶಿವನೇ ಬಲ್ಲ. ಇತ್ತ ನಾನು ಆ ಬೈಗುಳವನ್ನು, ಕೇಳಲು ಪುಣ್ಯ ಮಾಡಿದವನಂತೆ ಕೇಳುತ್ತಾ ಕುಳಿತಿದ್ದೆ.